ಹುಳುವಿನ ಭಯ, ಬೂಷ್ಟಿನ ಸದರ

ಮಳೆಗಾಲ ಹಿಡಿದುಕೊಂಡಿತೆಂದರೆ ನಮ್ಮ ಅಡುಗೆಮನೆಗಳಲ್ಲಿ ಎರಡು ಸಂಗತಿ ತಪ್ಪುವುದಿಲ್ಲ. ಉಪ್ಪಿಟ್ಟಿಗೆಂದು ರವೆ ಡಬ್ಬಿಯ ಮುಚ್ಚಳ ತೆಗೆದಾಗ ನಾಲ್ಕು ಕೆಂಪು ಹುಳು ಕಂಡವೋ, ಅಷ್ಟೂ ರವೆ ಕಸದ ಬುಟ್ಟಿಗೆ. ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ತಿಂಗಳುಗಟ್ಟಲೆ ಕೂತ ಕಡಲೆಕಾಯಿ ಬೀಜಕ್ಕೆ ಮುಗ್ಗಲು ವಾಸನೆ ಬಂದಿದ್ದರೆ ಮಾತ್ರ, ಒಂದು ಗಳಿಗೆ ಬಿಸಿಲಿಗೆ ಹರಡಿ, ಹಸಿರುಗಟ್ಟಿದ್ದನ್ನು ಆರಿಸಿ ತೆಗೆದು, ಮಿಕ್ಕದ್ದನ್ನು ಹುರಿದು ಚಟ್ನಿಗೆ ರುಬ್ಬುತ್ತೇವೆ. ಹುರಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಸಮಾಧಾನ ಬೇರೆ.

ಈ ಲೆಕ್ಕ ತಲೆಕೆಳಗಾಗಿದೆ. ರವೆಯಲ್ಲಿ ನಾಲ್ಕು ಹುಳು ಕಂಡರೆ ಅಸಹ್ಯವಾಗುವುದು ನಿಜ, ಆದರೆ ಜರಡಿ ಹಿಡಿದು ಹುರಿದು ತಿಂದರೆ ಪ್ರಾಣಕ್ಕೇನೂ ಅಪಾಯವಿಲ್ಲ. ಕಡಲೆಬೀಜದ ಬೂಷ್ಟಿನ ಕತೆಯೇ ಬೇರೆ. ಅದು ಬಿಟ್ಟುಹೋಗುವ ವಿಷ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ, ನಮ್ಮ ಬಾಣಲೆಯ ಕಾವಿಗೆ ಪೂರ್ತಿ ನಾಶವಾಗುವುದೂ ಇಲ್ಲ. ಮನೆಯಲ್ಲಿ ದಿನಸಿ ಕಾಪಾಡುವ, ಯಾವುದನ್ನು ಯಾವಾಗ ಎಸೆಯಬೇಕೆಂದು ನಿರ್ಧರಿಸುವ ಯಾರೇ ಆದರೂ ಈ ವ್ಯತ್ಯಾಸವನ್ನು ಮೊದಲು ತಿಳಿದಿರಬೇಕು.

1974ರ ಅಕ್ಟೋಬರ್ ಹೊತ್ತಿಗೆ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಜನ ಕಾಮಾಲೆಯಿಂದ ಮಲಗತೊಡಗಿದರು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ವಾರಗಳಲ್ಲೇ ಸಾಯುತ್ತಿದ್ದರು. ಸಾಮಾನ್ಯ ಕಾಮಾಲೆಯಾಗಿದ್ದರೆ ಅದು ಊರ ನಾಯಿಗಳಿಗೂ ಬರಬೇಕಿರಲಿಲ್ಲ. ಇಲ್ಲಿ ಮನೆಯವರು ಉಂಡು ಮಿಕ್ಕಿದ್ದನ್ನು ತಿಂದ ನಾಯಿಗಳೂ ಅದೇ ರೀತಿ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಹೋಗಿ ನೋಡಿದರೆ ಆ ಮನೆಗಳಲ್ಲಿ ಇದ್ದದ್ದು ಮೆಕ್ಕೆಜೋಳವೊಂದೇ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಿದ್ದು ತೆನೆ ನೆನೆದಿತ್ತು. ಬಡವರು ಅದನ್ನು ಎಸೆಯುವಂತಿರಲಿಲ್ಲ. ಸರಿಯಾಗಿ ಒಣಗದ ಕಾಳನ್ನೇ ತುಂಬಿಟ್ಟು, ಬೂಷ್ಟು ಬಂದದ್ದನ್ನೇ ಬೀಸಿ ರೊಟ್ಟಿ ತಟ್ಟಿ ತಿಂದಿದ್ದರು. ಕಾಯಿಲೆ ಬಿದ್ದವರು 397 ಜನ, ಅವರಲ್ಲಿ ಸತ್ತವರು 106. ಮೂವತ್ತು ವರ್ಷದ ನಂತರ, 2004ರಲ್ಲಿ, ಕೀನ್ಯಾದಲ್ಲಿ ಇಂಥದೇ ಮೆಕ್ಕೆಜೋಳ ತಿಂದು 125 ಜನ ಸತ್ತರು.

ಕಾರಣ ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ತೇವದ ಕಾಳಿನ ಮೇಲೆ ಬೆಳೆಯುವಾಗ ಸುರಿಸುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತು, ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಯನ್ನು ಶೋಧಿಸಿದಾಗ ಈ ವಿಷ ಜಗತ್ತಿಗೆ ಗೊತ್ತಾಯಿತು. ಒಮ್ಮೆಲೇ ಹೆಚ್ಚು ಹೊಟ್ಟೆಗೆ ಹೋದರೆ ಬಾಂಸ್ವಾಡಾದಲ್ಲಿ ಆದ ಹಾಗೆ ಆಗುತ್ತದೆ. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ಹೋಗುತ್ತಿದ್ದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿ. ಹೆಪಟೈಟಿಸ್ ಬಿ ಸೋಂಕು ಇರುವವರಿಗಂತೂ ಅಪಾಯ ಹಲವು ಪಟ್ಟು. ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿ ಇದಕ್ಕೆ ಸುಲಭವಾಗಿ ತುತ್ತಾಗುವ ಪದಾರ್ಥಗಳು. ನಮ್ಮ ಮನೆಗಳಲ್ಲಿ ಈ ನಾಲ್ಕೂ ಇಲ್ಲದ ತಿಂಗಳಿಲ್ಲ.

ಅಂಗಡಿಯಿಂದ ತಂದ ಒಣಗಿದ, ಘಮಘಮಿಸುವ ಬೀಜದಲ್ಲಿ ಅಲ್ಲೊಂದು ಇಲ್ಲೊಂದು ಮುರುಟಿದ್ದೋ ಬಣ್ಣಗೆಟ್ಟದ್ದೋ ಸಿಕ್ಕರೆ ಆರಿಸಿ ತೆಗೆಯುವುದು ಒಳ್ಳೆಯ ಪದ್ಧತಿಯೇ. ಕಾರ್ಖಾನೆಗಳೂ ಅದನ್ನೇ ಮಾಡುತ್ತವೆ, ವಿಷದ ಬಹುಪಾಲು ಅಂಥ ಕೆಲವೇ ಬೀಜಗಳಲ್ಲಿರುತ್ತದೆ. ಮನೆಯ ಡಬ್ಬಿಯಲ್ಲೇ ತೇವ ಹಿಡಿದು ಇಡೀ ರಾಶಿಗೆ ಮುಗ್ಗಲು ಬಂದಾಗ ಮಾತ್ರ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಒಂದು ಬೀಜವನ್ನು ಎರಡಾಗಿ ಸೀಳಿ ನೋಡಿ. ಹೊರಗಿನ ಕೆಂಪು ಸಿಪ್ಪೆ ಹೊಳೆಯುತ್ತಲೇ ಇರುತ್ತದೆ, ಒಳಗೆ ಎರಡು ಬೇಳೆಗಳ ನಡುವಿನ ಕುಳಿಯಲ್ಲಿ ಬೂದಿ ಬಣ್ಣದ ನಯವಾದ ಹೊದಿಕೆಯೊಂದು ಕಂಡೀತು. ಇದನ್ನು ಯಾವ ಬಿಸಿಲೂ ತೊಳೆಯುವುದಿಲ್ಲ. ಸಿಪ್ಪೆ ಸಮೇತ ಇಡುವ ಕಡಲೆಕಾಯಿ ಬಿಡಿಸಿದ ಬೀಜಕ್ಕಿಂತ ಎಷ್ಟೋ ಕಾಲ ಚೆನ್ನಾಗಿರುತ್ತದೆ. ಜಾಗ ಇದ್ದವರು ಹಾಗೇ ತಂದಿಟ್ಟುಕೊಂಡು ಬೇಕಾದಾಗ ಬಿಡಿಸಿಕೊಳ್ಳುವುದು ಮೇಲು.

ತೇವವೇ ಎಲ್ಲದರ ಮೂಲ. ಧಾನ್ಯದಲ್ಲಿ ನೀರಿನ ಅಂಶ ಶೇ 12ರ ಆಸುಪಾಸು ಇರುವವರೆಗೆ ಬೂಷ್ಟಿಗೆ ನೆಲೆಯಿಲ್ಲ. ಅದು ಶೇ 14 ದಾಟಿತೆಂದರೆ ಕಷ್ಟ ಶುರು. ಕಾಳು ತನ್ನ ಪಾಡಿಗೆ ಗಾಳಿಯ ತೇವವನ್ನು ಹೀರುತ್ತಿರುತ್ತದೆ. ಆದ್ದರಿಂದ ವಿಜಯಪುರದ ಒಣಹವೆಯಲ್ಲಿ ವರ್ಷವಿಡೀ ಕೆಡದ ಪದಾರ್ಥ ಆಗುಂಬೆಯ ಆಷಾಢದಲ್ಲಿ ಹದಿನೈದೇ ದಿನಕ್ಕೆ ಮೆತ್ತಗಾಗುತ್ತದೆ.

ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂಡ್ಯ, ತುಮಕೂರು, ಹಾಸನದ ಕಡೆ ರಾಗಿ ತುಂಬುತ್ತಿದ್ದ ಹಗೇವನ್ನು ನೋಡಿ. ನೀರು ನಿಲ್ಲದ ಗಟ್ಟಿ ನೆಲ ಹುಡುಕಿ, ಕಿರಿದಾದ ಬಾಯಿಟ್ಟು, ಒಳಗೆ ಹೊಟ್ಟೆ ಅಗಲವಾಗುವಂತೆ ತೋಡಿ, ಸುತ್ತ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಮೇಲೆ ಕಾಳು ಮತ್ತು ಅದರೊಳಗಿನ ಸಣ್ಣಪುಟ್ಟ ಜೀವಿಗಳು ಉಸಿರಾಡಿ ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತವೆ. ಮೊದಲೇ ರಾಗಿಯ ಕಾಳು ಸಣ್ಣದು, ಗಟ್ಟಿ. ಹೀಗಾಗಿ ಬರಗಾಲಕ್ಕೆಂದು ವರ್ಷಗಟ್ಟಲೆ ಇಟ್ಟ ರಾಗಿಯೂ ಊಟಕ್ಕೆ ಬರುತ್ತಿತ್ತು. ಹಗೇವು ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, "ಮೊದ್ಲು ದೀಪ ಇಳ್ಸಿ ನೋಡ್ರಪ್ಪ" ಎಂದು ಹಿರಿಯರು ಕೂಗುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ. ಆತುರಪಟ್ಟು ಇಳಿದು ಅಲ್ಲೇ ಪ್ರಾಣ ಬಿಟ್ಟವರುಂಟು. ಗೋಡೆಗೆ ತಾಗಿಕೊಂಡು ತೇವ ಕುಡಿದ ರಾಗಿಯನ್ನು ಬೇರೆ ತೆಗೆದಿಟ್ಟು, ನಡುವಿನ ಒಳ್ಳೆಯ ರಾಗಿಯನ್ನು ಮಾತ್ರ ಮನೆಗೆ ಒಯ್ಯುವುದು ಕ್ರಮ. ಇಂದು ರೈತರಿಗೆ ಕೊಡುವ, ಗಾಳಿಯಾಡದ ಮೂರು ಪದರದ ಚೀಲಗಳ ಹಿಂದೆ ಇರುವುದೂ ಇದೇ ತತ್ವ.

ಮೂವತ್ತು ಚೀಲ ರಾಗಿಗೆ ಮಾಡುತ್ತಿದ್ದ ಎಚ್ಚರಿಕೆ ಮೂರು ಕಿಲೋ ಡಬ್ಬಿಗೂ ಬೇಕು. ನಮ್ಮಲ್ಲಿ ಡಬ್ಬಿಗಳು ಒಲೆಯ ಮೇಲಿನ ಅರೆಯಲ್ಲಿರುತ್ತವೆ, ಕುಕ್ಕರಿನ ಹಬೆ ನೇರ ಅಲ್ಲಿಗೆ. ಕುದಿಯುವ ಸಾರಿನ ಮೇಲೆ ಡಬ್ಬಿಯನ್ನೇ ಬಗ್ಗಿಸಿ ಪುಡಿ ಉದುರಿಸುತ್ತೇವೆ. ರವೆ ಹುರಿದಿಡುವುದು ಬಲು ಒಳ್ಳೆಯ ರೂಢಿ, ಮೊಟ್ಟೆಯೂ ಸಾಯುತ್ತದೆ, ತೇವವೂ ಹೋಗುತ್ತದೆ. ಆದರೆ ಅದು ಪೂರ್ತಿ ಆರುವ ಮೊದಲೇ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟಿ ಮಾಡಿದ ಕೆಲಸವೆಲ್ಲ ವ್ಯರ್ಥ. ಎಲ್ಲಕ್ಕಿಂತ ಕೆಟ್ಟದ್ದು, ತಳದಲ್ಲಿ ಉಳಿದ ಹಳೆಯದರ ಮೇಲೆ ಹೊಸದನ್ನು ಸುರಿಯುವುದು. ಹುಳುವಿನ ವಂಶ ಮುಂದುವರಿಯುವುದು ಆ ತಳದ ಒಂದು ಹಿಡಿಯಿಂದಲೇ. ಡಬ್ಬಿ ಖಾಲಿಯಾಗಲಿ, ತೊಳೆದು ಬಿಸಿಲಿಗೆ ಬೋರಲು ಹಾಕಿ ಖಟಖಟ ಒಣಗಲಿ, ಆಮೇಲೆ ತುಂಬಿ.

ಈ ಹುಳು ಬರುವುದಾದರೂ ಎಲ್ಲಿಂದ? ಭದ್ರವಾಗಿ ಮುಚ್ಚಿಟ್ಟರೂ ಹೇಗೆ ಬಂತು ಎಂದು ಕೇಳುವವರು ಒಂದು ಮುಷ್ಟಿ ಹೆಸರುಕಾಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಹಸಿರು ಸಿಪ್ಪೆಯ ಮೇಲೆ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ದುಂಬಿಯ ಮೊಟ್ಟೆ. ಅದು ಒಡೆದು ಮರಿ ನೇರ ಕಾಳಿನೊಳಗೆ ಕೊರೆಯುತ್ತದೆ. ಸಿಪ್ಪೆಯ ಒಂದು ಕಡೆ ದುಂಡಗೆ ಮಸುಕಾದ ಗುರುತು ಕಂಡರೆ ಒಳಗಿನದು ಬೆಳೆದು ಹೊರಡಲು ಸಿದ್ಧವಾಗಿದೆ. ದುಂಡನೆಯ ತೂತೇ ಇದ್ದರೆ ಹೊರಟುಹೋಗಿದೆ. ಇದೆಲ್ಲ ಸುಮಾರು ಒಂದು ತಿಂಗಳ ಕೆಲಸ. ಈ ದುಂಬಿ ಹೊಲದಲ್ಲೇ, ಕಾಯಿ ಗಿಡದಲ್ಲಿರುವಾಗಲೇ ಮೊಟ್ಟೆಯಿಡಬಲ್ಲದು. ಅಕ್ಕಿಯ ಸೊಂಡಿಲ ಹುಳು ಇನ್ನೂ ಚಾಲಾಕಿ, ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಟ್ಟು ಮೇಲೆ ಅಂಟು ಬಳಿದು ಮುಚ್ಚಿಬಿಡುತ್ತದೆ. ಅಂದರೆ ಹುಳು ನಿಮ್ಮ ಡಬ್ಬಿಗೆ ಹೊರಗಿನಿಂದ ನುಗ್ಗಿದ್ದಲ್ಲ, ದಿನಸಿಯ ಜೊತೆಗೇ ಮನೆಗೆ ಬಂದದ್ದು.

ಅಜ್ಜಿಯರ ಉಪಾಯಗಳು ಇಲ್ಲಿ ಪಾಸಾಗುತ್ತವೆ. ಕಾಳಿಗೆ ಹರಳೆಣ್ಣೆ ಸವರಿದರೆ ಆ ತೆಳು ಪದರದಲ್ಲಿ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿದರೆ ಆ ಸಣ್ಣ ಧೂಳು ಹುಳುವಿನ ಮೈಮೇಲಿನ ಮೇಣವನ್ನು ಕೆಡಿಸಿ, ಅದು ಒಣಗಿ ಸಾಯುತ್ತದೆ. ಬೇಳೆ ಒಡೆದಿಟ್ಟರೆ ಈ ದುಂಬಿಗೆ ಮೊಟ್ಟೆಯಿಡಲು ಇಡೀ ಕಾಳು ಸಿಗದೆ ಉಪದ್ರವ ಕಡಿಮೆ. ಬೇವಿನ ಸೊಪ್ಪು, ಒಣಮೆಣಸಿನಕಾಯಿ, ಲವಂಗದ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಅವು ಹೊರಗಿನ ಹುಳುವನ್ನು ಒಂದಿಷ್ಟು ದೂರ ಇಟ್ಟಾವು, ಕಾಳಿನೊಳಗೆ ಕೂತದ್ದನ್ನು ಏನೂ ಮಾಡಲಾರವು. ಹಸಿ ಬೇವಿನ ಸೊಪ್ಪನ್ನೇ ತುರುಕಿದರಂತೂ ಕಾಳಿಗೆ ನಾವೇ ನೀರು ಕೊಟ್ಟಂತೆ, ನೆರಳಲ್ಲಿ ಒಣಗಿಸಿಯೇ ಹಾಕಬೇಕು. ಇಂದಿನ ಮನೆಗೆ ಸುಲಭದ್ದು ಫ್ರೀಜರ್. ರವೆ, ಹಿಟ್ಟು, ಕಾಳಿನ ಪೊಟ್ಟಣವನ್ನು ತಂದ ದಿನವೇ ನಾಲ್ಕು ದಿನ ಒಳಗಿಟ್ಟರೆ ಮೊಟ್ಟೆ, ಮರಿ, ಹುಳು ಎಲ್ಲ ಮುಗಿಯುತ್ತವೆ. ಹೊರತೆಗೆದ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಹಿಟ್ಟಿನ ಮೇಲೆ ಗಾಳಿಯ ತೇವ ಕೂರುತ್ತದೆ. ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆ ಡಬ್ಬಿಗೆ ಹಾಕಿ. ಕಾಳನ್ನು ಸುಡುಬಿಸಿಲಿಗೆ ಹರಡಬಹುದು, ಅಕ್ಕಿಗೆ ಅದು ಆಗದು. ಬಿರುಕುಬಿಟ್ಟು ಅನ್ನ ನುಚ್ಚಾಗುತ್ತದೆ, ಅದಕ್ಕೆ ನೆರಳಿನ ಗಾಳಿ ಸಾಕು.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳಬೇಕು. ಗೊಬ್ಬರದಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಮೂಟೆಯೊಳಗೆ ಇಡುವ ಪದ್ಧತಿ ಅಲ್ಲಲ್ಲಿ ಇದೆ. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಗೋದಾಮಿನಲ್ಲಿ ತರಬೇತಿ ಪಡೆದವರು ಮಾತ್ರ ಬಳಸಬೇಕಾದದ್ದು ಅದು. ಮೂಟೆ ಇಟ್ಟ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಮಲಗಿದ ಮಕ್ಕಳು ಬೆಳಗ್ಗೆ ಏಳದೇ ಹೋಗಬಹುದು. ಅದಕ್ಕೆ ಪ್ರತಿವಿಷವಿಲ್ಲ. ಅಕ್ಕಿಗೆ ಬೋರಿಕ್ ಪುಡಿ ಕಲಸುವುದೂ ತಪ್ಪು, ತೊಳೆದರೆ ಹೋಗುತ್ತದೆಂದು ನಂಬಿಕೊಂಡು ವಿಷ ಉಣ್ಣುವುದು ಯಾವ ಜಾಣತನ? ಹತ್ತು ಕಿಲೋ ಅಕ್ಕಿ ಹಾಳಾದರೆ ಹಾಳಾಗಲಿ.

ಹುಳು ಬಿದ್ದದ್ದನ್ನು ಎಸೆಯಲೇಬೇಕಾದ ಹಂತವೂ ಒಂದಿದೆ. ಹಿಟ್ಟಿನ ಕೆಂಪು ಹುಳು ಸಂಖ್ಯೆಯಲ್ಲಿ ಹೆಚ್ಚಿದಾಗ ಕ್ವಿನೋನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಹಿಟ್ಟಿಗೆ ನಸುಗೆಂಪು ಬಣ್ಣ, ಮೂಗಿಗೆ ಹೊಡೆಯುವ ಘಾಟು ಬಂದರೆ ಜರಡಿ ಹಿಡಿದು ಉಳಿಸಿಕೊಳ್ಳುವುದು ಬೇಡ. ರವೆ, ಸಿರಿಧಾನ್ಯದ ಅಕ್ಕಿ ಬಲೆ ಕಟ್ಟಿದಂತೆ ಉಂಡೆಯುಂಡೆಯಾಗಿದ್ದರೆ ಪತಂಗದ ಮರಿಗಳ ಕೆಲಸ, ಅದೂ ಹೊರಗೆ. ಕಾಳು ಮುಟ್ಟಿದರೆ ಪುಡಿ ಉದುರಿ, ನೀರಿಗೆ ಹಾಕಿದಾಗ ಅರ್ಧಕ್ಕರ್ಧ ತೇಲಿದರೆ ಒಳಗೆ ಉಳಿದಿರುವುದು ಹುಳುವಿನ ಹಿಕ್ಕೆಯೇ. ಅದರ ಅಳತೆಗೆಂದೇ ನಮ್ಮ ಆಹಾರ ಕಾನೂನು ಧಾನ್ಯದಲ್ಲಿ ಯೂರಿಕ್ ಆಮ್ಲ ಕಿಲೋಗೆ 100 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ.

ಎಸೆಯಬಾರದ್ದನ್ನು ಎಸೆಯುವುದೂ ನನಗೆ ಅಷ್ಟೇ ಸಂಕಟದ ವಿಷಯ. ಪಡಿತರ ಅಕ್ಕಿಯಲ್ಲಿ ಬಣ್ಣ ಕೊಂಚ ಬೇರೆಯಾದ, ನೀರಿಗೆ ಹಾಕಿದರೆ ತೇಲುವ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆಯುವ ತಾಯಂದಿರು ಇಂದಿಗೂ ಇದ್ದಾರೆ. ಅದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫಾಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದದ್ದು, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿರುತ್ತಾರೆ. ರಕ್ತಹೀನತೆ ಇರುವ ಮನೆಯವರು ತಮಗೆಂದೇ ಬಂದದ್ದನ್ನು ಹೀಗೆ ಕೈಯಾರೆ ಕಳೆದುಕೊಳ್ಳುತ್ತಾರೆ. ಅಕ್ಕಿ ಹಳೆಯದಾಯಿತೆಂದೂ ಹೆದರಬೇಕಿಲ್ಲ. ಒಂದು ವರ್ಷ ಕಳೆದ ಸೋನಾ ಮಸೂರಿ ಉದುರುದುರಾಗಿ ಬೇಯುತ್ತದೆ, ಅಂಗಡಿಯಲ್ಲಿ ಅದಕ್ಕೇ ಬೆಲೆ ಹೆಚ್ಚು. ಕಲ್ಲುಪ್ಪು ಹಾಕಿ ಕಟ್ಟಿಟ್ಟ ಹುಣಸೆಹಣ್ಣು ಕಪ್ಪಾದರೆ ಕೆಟ್ಟಿತೆಂದಲ್ಲ. ಹರಳುಗಟ್ಟಿದ ಜೇನುತುಪ್ಪವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಕರಗುತ್ತದೆ, ಅದು ಕಲಬೆರಕೆಯ ಗುರುತಲ್ಲ. ಎಷ್ಟೇ ಒಳ್ಳೆಯ ಜೇನಾದರೂ ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಮಾತ್ರ ಸವರಬಾರದು.

ಪೊಟ್ಟಣದ ಮೇಲಿನ ತಾರೀಖಿನ ವಿಷಯ. 2020ರ ಲೇಬಲ್ ನಿಯಮಗಳ ಪ್ರಕಾರ ತಯಾರಾದ ದಿನದ ಜೊತೆಗೆ ಎಕ್ಸ್‌ಪೈರಿ ಅಥವಾ ಯೂಸ್ ಬೈ ತಾರೀಖು ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ಆ ತಾರೀಖು ಒಡೆಯದ, ಹೇಳಿದ ರೀತಿಯಲ್ಲೇ ಇಟ್ಟ ಪೊಟ್ಟಣಕ್ಕೆ. ಬಾಯಿ ಕತ್ತರಿಸಿದ ಮೇಲೆ ಅದರ ಲೆಕ್ಕ ನಡೆಯುವುದಿಲ್ಲ. ಮಗುವಿನ ಆಹಾರ, ಹಾಲಿನ ಪುಡಿಯಲ್ಲಿ ತಾರೀಖು ದಾಟಿದರೆ ಎರಡನೇ ಯೋಚನೆ ಬೇಡ. ಸಕ್ಕರೆ, ಉಪ್ಪು ಕೆಡುವುದಿಲ್ಲ, ಉಪ್ಪು ನೀರೊಡೆದರೆ ಅಯೋಡಿನ್ ಕಮ್ಮಿಯಾಗುತ್ತದೆ ಅಷ್ಟೇ. ಡಬ್ಬಿಗೆ ಸುರಿಯುವಾಗ ಲೇಬಲ್ ಕತ್ತರಿಸಿ ಡಬ್ಬಿಗೇ ಅಂಟಿಸುವುದು ಅರ್ಧ ನಿಮಿಷದ ಕೆಲಸ. ಬಿಡಿಯಾಗಿ ತೂಗಿ ಕೊಡುವ ಕಿರಾಣಿ ಅಂಗಡಿಯ ಬೇಳೆಗೆ ತಾರೀಖೇ ಇರುವುದಿಲ್ಲ, ತಂದ ತಿಂಗಳನ್ನು ನಾವೇ ಬರೆದಿಡಬೇಕು.

ಎಣ್ಣೆಯಂಶ ಇರುವುದಕ್ಕೆ ಮೂಗೇ ತಾರೀಖು. ಸಜ್ಜೆ ಹಿಟ್ಟು ಬೀಸಿದ ಕೆಲವೇ ದಿನಕ್ಕೆ ಕಹಿಯಾಗುತ್ತದೆ. ಕಾಳಿನ ಕೊಬ್ಬು ಹಿಟ್ಟಾದಾಗ ಹೊರಬಿದ್ದು ಒಡೆಯತೊಡಗುವುದೇ ಕಾರಣ. ಉತ್ತರ ಕರ್ನಾಟಕದವರು ರೊಟ್ಟಿಗೆ ಆಗಾಗ ಸ್ವಲ್ಪಸ್ವಲ್ಪವೇ ಬೀಸಿಸಿಕೊಳ್ಳುವುದರಲ್ಲಿ ಎಷ್ಟು ವಿವೇಕವಿದೆ! ಹೊಟ್ಟು ತೆಗೆಯದ ಗೋಧಿ ಹಿಟ್ಟು, ಪಾಲಿಶ್ ಮಾಡದ ನವಣೆ, ಅಗಸೆ, ಗುರೆಳ್ಳು, ತುರಿದ ಕೊಬ್ಬರಿ ಇದೇ ಜಾತಿ. ಬೆಂಗಳೂರಿಗೋ ಅಮೆರಿಕಕ್ಕೋ ಹೋಗುವ ಮಗನ ಪೆಟ್ಟಿಗೆಯಲ್ಲಿ ತಾಯಿ ತುಂಬಿಕೊಡುವ ಶೇಂಗಾ ಪುಡಿ, ಗುರೆಳ್ಳು ಪುಡಿ ವರ್ಷಗಟ್ಟಲೆ ಇಡುವಂಥದ್ದಲ್ಲ. ಅರ್ಧ ಹೊರಗೆ, ಅರ್ಧ ಫ್ರೀಜರಿನಲ್ಲಿ ಇರಲಿ. ಎಣ್ಣೆಗೆ ಬೆಳಕು, ಬಿಸಿ, ಗಾಳಿ ಮೂರೂ ವೈರಿ. ಕಮಟು ವಾಸನೆ ಬಂದ ಎಣ್ಣೆಯನ್ನು ಒಗ್ಗರಣೆಯ ಇಂಗಿನಿಂದ ಮುಚ್ಚಿ ಬಳಸಬಾರದು.

ಉಪ್ಪಿನಕಾಯಿ ಕಾಯುವುದು ಉಪ್ಪು. ಮಲೆನಾಡಿನವರು ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಅದು ನೀರೊಡೆದು ಮಿಡಿ ಮುರುಟುವವರೆಗೆ ಕಾದು ಆಮೇಲೆ ಖಾರ ಕಲಸುತ್ತಾರೆ. ಆ ಜಾಡಿ ಎರಡು ಮೂರು ಮಳೆಗಾಲ ಕಾಣುತ್ತದೆ. ಈಗ ಬಿ.ಪಿ. ಎಂದು ಉಪ್ಪು ಕಡಿಮೆ ಮಾಡಿ, ಹಳೆಯ ಜಾಡಿಯ ಭರವಸೆಯಲ್ಲೇ ಹೊರಗಿಟ್ಟರೆ ಬೂಷ್ಟು ಬರದೆ ಇನ್ನೇನು? ಕಡಿಮೆ ಉಪ್ಪಿನದ್ದು ಫ್ರಿಜ್ಜಿಗೆ ಹೋಗಲಿ, ತಿನ್ನುವ ಪ್ರಮಾಣ ಕಡಿಮೆಯಾಗಲಿ. ಒದ್ದೆ ಚಮಚ ಹಾಕಿದ ಜಾಡಿಯ ಮೇಲೆ ಎಳೆಎಳೆಯಾಗಿ ಬೆಳೆದ ಬೂಷ್ಟನ್ನು ತೆಗೆದು ಕೆಳಗಿನದನ್ನು ತಿನ್ನುವವರಿಗೆ ಇಷ್ಟೇ ಹೇಳುತ್ತೇನೆ, ಕಂಡದ್ದು ಹೂವು ಮಾತ್ರ, ಬೇರು ರಸದೊಳಗೆ ಇಳಿದಿರುತ್ತದೆ. ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಹೊಸ ರೂಢಿಯೂ ಬೇಡ. ಗಾಳಿಯಿಲ್ಲದಲ್ಲಿ ಬೆಳೆಯುವ ಬೊಟುಲಿಸಂ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ಮನೆಯಿಲ್ಲ, ಅದರ ವಿಷಕ್ಕೆ ವಾಸನೆಯೂ ಇಲ್ಲ. ಉಬ್ಬಿದ ತಗಡಿನ ಡಬ್ಬಿಯನ್ನು ತೆರೆದು ನೋಡುವ ಕುತೂಹಲವೂ ಬೇಡ.

ಕೊನೆಗೆ, ಎಸೆಯುವುದು ಎಲ್ಲಿಗೆ? ನಮ್ಮಲ್ಲಿ ಅನ್ನ ಚೆಲ್ಲಲು ಮನಸ್ಸು ಬರುವುದಿಲ್ಲ, ಹಾಗಾಗಿ ಕೆಟ್ಟದ್ದೆಲ್ಲ ಹಸುವಿನ ಬಾಯಿಗೆ ಹೋಗುತ್ತದೆ. ಹುಳು ಬಿದ್ದ ಕಾಳು ಕೋಳಿಗೆ ಹೋಗಲಿ, ತೊಂದರೆಯಿಲ್ಲ. ಬೂಷ್ಟು ಹಿಡಿದ ಕಡಲೆಬೀಜ, ಹಿಂಡಿ, ಮೆಕ್ಕೆಜೋಳ, ರೊಟ್ಟಿ ಮಾತ್ರ ದನಕ್ಕೂ ಬೇಡ, ಕೋಳಿಗೂ ಬೇಡ. ಹಸುವಿನ ಹೊಟ್ಟೆಗೆ ಹೋದ ಅಫ್ಲಾಟಾಕ್ಸಿನ್‌ನ ಒಂದು ಪಾಲು ಎಂ1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಅದಕ್ಕಾಗಿಯೇ ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ದಾಟಬಾರದೆಂಬ ನಿಯಮವಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ. ಆದ್ದರಿಂದ ಬೂಷ್ಟು ಹಿಡಿದದ್ದನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡಿ, ಹಿತ್ತಲಿದ್ದರೆ ದನಕರು ಕೆದಕದಷ್ಟು ಆಳದ ಗುಂಡಿ ತೆಗೆದು ಮುಚ್ಚಿ. ಡಬ್ಬಿ ತೊಳೆಯುವಾಗ ಬೂಷ್ಟಿನ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸದವರು ಆ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು.